ಹೊಸ ಕಟ್ಟಳೆ, ಹಳೆಯ ಆಟ

ಕಳೆದ ರಜೆಯಲ್ಲಿ ಸೂಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ವ್ಯಾಜ್ಯವು ಹುಟ್ಟಿತು. ಹಿರಿಯ ಹುಡುಗನ ಕೈಯಲ್ಲಿ 2014ರ ನಿಯಮಗ್ರಂಥ. ಕಿರಿಯನಲ್ಲಿ 2024ರ ಪರಿಷ್ಕೃತ ಆವೃತ್ತಿ. ಆಟವು ‘ಡಂಜನ್ಸ್ ಅಂಡ್ ಡ್ರಾಗನ್ಸ್’. ಒಬ್ಬನು ಸೂತ್ರಧಾರನಾಗಿ ಕಥೆ ಹೇಳುವನು. ಉಳಿದವರು ವೀರರೂ ಮಾಂತ್ರಿಕರೂ ಆಗಿ ಅದರಲ್ಲಿ ಸಂಚರಿಸುವರು. ಇಪ್ಪತ್ತು ಮುಖಗಳ ದಾಳವು ಫಲವನ್ನು ನಿರ್ಣಯಿಸುವುದು. 1974ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ಈ ಆಟದ ಹೊಸ ಕಟ್ಟಳೆಯು ಬಾಳೀತೇ? ಹಳೆಯ ಪುಸ್ತಕವನ್ನು ರದ್ದಿಗೆ ಹಾಕಬೇಕೇ?

ನಮ್ಮ ನಾಡಿನಲ್ಲಿ ಇದಕ್ಕೊಂದು ನಿದರ್ಶನವುಂಟು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಗಂಜೀಫಾ ಆಟಕ್ಕೆ ಹೊಸ ಹೊಸ ಬಗೆಗಳನ್ನು ಕಲ್ಪಿಸಿದರು. ದಶಾವತಾರ ಗಂಜೀಫಾಕ್ಕೆ 120 ಎಲೆಗಳು. ಅವರ ಚಾಮುಂಡೇಶ್ವರೀ ಛದಕ್ಕೆ 320! ಚಿತ್ರಗಳ ಸೊಬಗು ಅಸಮಾನವಾದುದು. ಆದರೂ ಇಂದು ಅದನ್ನು ಮನೆಗಳಲ್ಲಿ ಆಡುವವರಿಲ್ಲ. ಕೆಲವೇ ಕವಡೆಗಳನ್ನು ಬೇಡುವ ಚೌಕಾಬಾರವಾದರೋ ಬಾಯಿಂದ ಬಾಯಿಗೆ ಉಳಿದುಬಂದಿದೆ. ಕಲಿಸುವವರಿದ್ದರೆ ಆಟವುಂಟು.

ಈ ಪರದೇಶದ ಆಟಕ್ಕೆ ಒಂದು ಅನುಕೂಲವಿದೆ. 2014ರ ಆವೃತ್ತಿಯ ಮುಖ್ಯ ನಿಯಮಗಳನ್ನು 2023ರಲ್ಲಿಯೂ, ಹೊಸದರವನ್ನು 2025ರಲ್ಲಿಯೂ ಪ್ರಕಾಶಕರು ಸರ್ವರ ಬಳಕೆಗೆ ಮುಕ್ತಗೊಳಿಸಿದರು. ಆದುದರಿಂದ ಹೊಸದು ಬಂದಿತೆಂದು ಹಳೆಯದು ಅಳಿಯಬೇಕಾಗಿಲ್ಲ.

ವ್ಯಾಜ್ಯವನ್ನು ತೀರಿಸಿದವರು ಅಜ್ಜಿ. “ತಮ್ಮಾ, ನನ್ನ ತವರುಮನಿ ಚೌಕಾಬಾರದ ಕಟ್ಟಳೆ ಬ್ಯಾರೆ, ಈ ಮನೀದು ಬ್ಯಾರೆ. ಕವಡಿ ಹಿಡಿಯೂಕಿಂತ ಮೊದಲ ಮಾತಾಡಿಕೊಂತಿದ್ವಿ.”

ಹುಡುಗರು ಹಾಗೆಯೇ ಮಾತನಾಡಿಕೊಂಡರು. ಆ ಸಂಜೆ ಹೊಸ ಕಟ್ಟಳೆ, ಮರುದಿನ ಹಳೆಯದು. ಎರಡು ಪುಸ್ತಕಗಳೂ ಈಗ ಒಂದೇ ಕಪಾಟಿನಲ್ಲಿವೆ.