ಗರ್ಭಿಣಿಯ ನೆಮ್ಮದಿ ಮನೆಯವರ ಹೊಣೆ

ಕಳೆದ ತಿಂಗಳು ಪರಿಚಿತರೊಬ್ಬರ ಮನೆಯ ಕುಬಸದ ಕಾರ್ಯಕ್ಕೆ ಹೋಗಿದ್ದೆನು. ಹಸಿರು ಸೀರೆಯುಟ್ಟು, ಹಸಿರು ಬಳೆ ತೊಟ್ಟು ಕುಳಿತ ಸೊಸೆಗೆ ಮುತ್ತೈದೆಯರು ಉಡಿ ತುಂಬಿ ಆರತಿ ಬೆಳಗಿದರು. ಅಷ್ಟರಲ್ಲಿ ಹಿರಿಯ ತಾಯಿಯೊಬ್ಬರು, “ಈ ಸಲ ಆದರೂ ಗಂಡು ಹಡಿಯವ್ವಾ, ಹಿಂದಿನಂಗ ಮಾಡಬ್ಯಾಡ” ಎಂದರು. ಎಲ್ಲರೂ ನಕ್ಕರು. ಆ ಹೆಣ್ಣುಮಗಳ ಮುಖ ಮಾತ್ರ ಬಾಡಿತು.

ಶರಣ ಬಂಧುಗಳೇ, ಮನಸ್ಸಿನ ನೋವು ಮನಸ್ಸಿನಲ್ಲಿಯೇ ಉಳಿಯುವುದಿಲ್ಲ. ಭಯ, ಚಿಂತೆಗಳುಂಟಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಅದು ವಿಷವಲ್ಲ. ಗರ್ಭಾವಸ್ಥೆಯಲ್ಲಿ ಸಹಜವಾಗಿಯೇ ಹೆಚ್ಚುತ್ತದೆ. ಶಿಶುವಿನ ಶ್ವಾಸಕೋಶ ಬಲಿಯುವುದಕ್ಕೂ ಬೇಕು. ಅದು ಅತಿಯಾಗಿ ಶಿಶುವನ್ನು ತಲುಪದಂತೆ, ಮಾಸಿನಲ್ಲಿರುವ ಕಿಣ್ವವೊಂದು ತಾಯಿಯ ಕಾರ್ಟಿಸಾಲಿನ ಬಹುಭಾಗವನ್ನು ನಿಷ್ಕ್ರಿಯಗೊಳಿಸುತ್ತದೆ. ಆದುದರಿಂದ ಒಂದು ದಿನದ ಸಿಟ್ಟಿನಿಂದ, ಒಂದು ರಾತ್ರಿಯ ಅಳುವಿನಿಂದ ಮಗುವಿಗೆ ಕೇಡಾಯಿತೆಂದು ಯಾವ ತಾಯಿಯೂ ಹೆದರಬೇಕಾಗಿಲ್ಲ. ತಿಂಗಳುಗಟ್ಟಲೆ ಬಿಡದೆ ಕಾಡುವ ಒತ್ತಡದ ಮಾತು ಬೇರೆ. ಅಂಥಲ್ಲಿ ದಿನ ತುಂಬುವ ಮುನ್ನವೇ ಹೆರಿಗೆಯಾಗುವ, ಶಿಶುವಿನ ತೂಕ ಕಡಿಮೆಯಾಗುವ ಸಂಭವ ಹೆಚ್ಚೆಂದು ಅನೇಕ ಅಧ್ಯಯನಗಳು ತೋರಿಸಿವೆ.

ಗರ್ಭಿಣಿಯರನ್ನು ಬೇಕೆಂದೇ ಸಂಕಟಕ್ಕೀಡುಮಾಡಿ ಪರೀಕ್ಷಿಸುವುದು ಅಧರ್ಮ. ಆದುದರಿಂದ ವಿಜ್ಞಾನಿಗಳು ತಾನಾಗಿ ಬಂದೊದಗಿದ ವಿಪತ್ತುಗಳ ಪರಿಣಾಮವನ್ನು ಗಮನಿಸಿದರು. 1998ರ ಜನವರಿಯಲ್ಲಿ ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಬಿದ್ದಲ್ಲಿಯೇ ಮಂಜುಗಡ್ಡೆಯಾಗುವ ಮಳೆ ಸುರಿದು ವಿದ್ಯುತ್ ಕಂಬಗಳು ಉರುಳಿದವು. ಕೊರೆಯುವ ಚಳಿಯಲ್ಲಿ ಕೆಲವು ಮನೆಗಳು ತಿಂಗಳಿಗೂ ಮಿಕ್ಕಿ ವಿದ್ಯುತ್ತಿಲ್ಲದೆ ಕಳೆದವು. ಆಗ ಗರ್ಭಿಣಿಯರಾಗಿದ್ದವರ ಮಕ್ಕಳನ್ನು ಸುಜಾನ್ ಕಿಂಗ್ ಎಂಬ ವಿದುಷಿ ಮತ್ತು ಸಂಗಡಿಗರು ಅನೇಕ ವರ್ಷ ಪರಿಶೀಲಿಸಿದರು. ಹೆಚ್ಚು ಕಷ್ಟಪಟ್ಟ ತಾಯಂದಿರ ಮಕ್ಕಳು ಎರಡು ವರ್ಷದವರಾದಾಗ ಮಾತಿನಲ್ಲಿಯೂ ಗ್ರಹಣಶಕ್ತಿಯಲ್ಲಿಯೂ ಸರಾಸರಿಯಾಗಿ ಹಿಂದಿದ್ದರು. ಇದು ಸರಾಸರಿಯ ಲೆಕ್ಕವೇ ಹೊರತು ಪ್ರತಿಯೊಂದು ಮಗುವಿನ ಹಣೆಬರಹವಲ್ಲ. ಹಿಮದ ಮಳೆಯನ್ನು ಯಾರೂ ತಡೆಯಲಾರರು. ನಮ್ಮ ನಾಲಗೆಯನ್ನು ನಾವು ತಡೆಯಬಲ್ಲೆವು.

ನಮ್ಮ ಸಂಪ್ರದಾಯದಲ್ಲಿ ಎಂಟನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿಗೆ ಲಿಂಗಧಾರಣೆಯ ಸಂಸ್ಕಾರವುಂಟು. ನಮ್ಮ ಹಿರಿಯರು ಹಾರ್ಮೋನುಗಳನ್ನು ಬಲ್ಲವರಾಗಿದ್ದರೆಂದು ನಾನು ಹೇಳಲಾರೆ. ಒಡಲೊಳಗಿನ ಜೀವವೂ ಪೂಜ್ಯವೆಂಬುದನ್ನು ಅವರು ಬಲ್ಲವರಾಗಿದ್ದರು. ಗಂಡೋ ಹೆಣ್ಣೋ ಎಂದು ಕೇಳಿ ಆ ಲಿಂಗವನ್ನು ಕಟ್ಟುವುದಿಲ್ಲ. ಮೇಲಾಗಿ, ಮಗು ಗಂಡಾಗುವುದೂ ಹೆಣ್ಣಾಗುವುದೂ ತಂದೆಯ ವೀರ್ಯಾಣುವಿನಿಂದ ನಿರ್ಧಾರವಾಗುತ್ತದೆ. ಹೀಗಿರುವಾಗ ತಾಯಿಯನ್ನು ದೂರುವುದು ಅಜ್ಞಾನ. ಕೇಳಿ ಕೇಳಿ ನೋಯಿಸುವುದು ಹಿಂಸೆ.

ಸೊಸೆಗೆ “ಚಿಂತೆ ಮಾಡಬೇಡ” ಎಂದು ಉಪದೇಶಿಸಿದರೆ ಸಾಲದು. ಚಿಂತೆಯ ಕಾರಣವನ್ನು ಮನೆಯವರು ತೆಗೆಯಬೇಕು. ತಪಾಸಣೆಗೆ ಪತಿಯು ಜೊತೆಗೆ ಹೋಗಲಿ. ಭಾರದ ಕೆಲಸವನ್ನು ಇತರರು ಹಂಚಿಕೊಳ್ಳಲಿ. ಮಧ್ಯಾಹ್ನ ಒಂದು ಗಳಿಗೆ ಆಕೆ ಮಲಗಿದರೆ ಅತ್ತೆಯವರು ಬಾಗಿಲನ್ನು ಮೆಲ್ಲನೆ ಮುಂದೆಮಾಡಲಿ. ಎರಡು ವಾರ ಕಳೆದರೂ ಅಳು, ನಿದ್ರಾಹೀನತೆ, ಬೇಸರ ಬಿಡದಿದ್ದರೆ ವೈದ್ಯರಿಗೆ ತಿಳಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇದರಲ್ಲಿ ನಾಚಿಕೆಯ ಮಾತೇನೂ ಇಲ್ಲ.

ಮುಂದಿನ ಕುಬಸದಲ್ಲಿ ಆರತಿ ಬೆಳಗುವಾಗ ನಾವು ಹೇಳಬೇಕಾದುದು ಇಷ್ಟೇ: “ತಾಯೀ, ಯಾವ ಕೂಸೇ ಬರಲಿ, ಅದು ನಮ್ಮ ಮನೆಯ ಬೆಳಕು.”