ಒಂಬತ್ತು ಗಂಟೆಗೆ ಮುಚ್ಚುವ ಗೇಟು

ವ್ಯಾನಿನಲ್ಲೇ ಇರ್ತೀವಿ ಅಂದ ಕೂಡಲೇ ಜನ ಕೇಳೋ ಮೊದಲ ಪ್ರಶ್ನೆ, "ಸ್ನಾನ ಎಲ್ಲಿ ಮಾಡ್ತೀರಾ?" ಎರಡನೆಯದು ಸ್ವಲ್ಪ ತಡವಾಗಿ ಬರುತ್ತೆ. "ಮನೇಲಿ ಅಪ್ಪ ಅಮ್ಮಂಗೆ ಏನಾದ್ರೂ ಆದ್ರೆ?" ಎರಡಕ್ಕೂ ನಮ್ಮ ಹತ್ತಿರ ಉತ್ತರ ಇದೆ ಅಂದ್ಕೊಂಡಿದ್ವಿ, ಕಳೆದ ಡಿಸೆಂಬರಿನ ಒಂದು ರಾತ್ರಿಯವರೆಗೆ.

ನಾನು, ನನ್ನ ಗಂಡ ಇಬ್ಬರೂ ಲ್ಯಾಪ್‌ಟಾಪ್‌ನಲ್ಲೇ ಕೆಲಸ ಮಾಡೋರು. ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ, ಹಳೇ ಟೆಂಪೋ ಟ್ರಾವೆಲರಿನ ಸೀಟು ತೆಗೆಸಿ, ಮಂಚ, ಒಲೆ ಕೂರಿಸಿಕೊಂಡು ಹೊರಟು ಎರಡು ವರ್ಷ ಆಯ್ತು. ಮೈಸೂರಿನಲ್ಲಿ ಅಪ್ಪ ಅಮ್ಮ ಇಬ್ಬರೇ. ಅದಕ್ಕೇ ಒಂದು ನಿಯಮ ಇಟ್ಕೊಂಡಿದ್ವಿ: ಎಲ್ಲೇ ಇದ್ದರೂ ಮೈಸೂರು ಒಂದು ದಿನದ ದಾರಿಗಿಂತ ದೂರ ಇರಬಾರದು.

ಆವತ್ತು ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿದ್ವಿ. ಮೈಸೂರಿಗೆ ಮೂರು ಗಂಟೆ ದಾರಿ. ಇಷ್ಟು ಹತ್ತಿರ ಇದ್ದೀವಲ್ಲ ಅಂತ ನೆಮ್ಮದಿಯಾಗಿ ಊಟ ಮುಗಿಸಿದ್ವಿ. ಒಂಬತ್ತೂಕಾಲಿಗೆ ಅಮ್ಮನ ಫೋನು. "ಅಪ್ಪ ಬಚ್ಚಲುಮನೇಲಿ ಬಿದ್ದುಬಿಟ್ರು ಪುಟ್ಟಿ, ಏಳಕ್ಕೇ ಆಗ್ತಿಲ್ಲ."

ವ್ಯಾನ್ ಸ್ಟಾರ್ಟ್ ಮಾಡಿದ ಮೇಲೆ ಬಂಡೀಪುರ ನೆನಪಾಯ್ತು. ಆ ಕಾಡಿನ ರಸ್ತೆಯಲ್ಲಿ 2009ರಿಂದಲೂ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ನಮ್ಮಂಥ ಗಾಡಿಗಳನ್ನು ಬಿಡೋದಿಲ್ಲ. ಪ್ರಾಣಿಗಳು ಚಕ್ರಕ್ಕೆ ಸಿಕ್ಕಿ ಸಾಯಬಾರದು ಅಂತ ಇರೋ ನಿಯಮ, ಸರಿಯಾದದ್ದೇ. ನಾಗರಹೊಳೆ ಕಾಡಿನ ಬಾವಲಿ ರಸ್ತೆಯೂ ರಾತ್ರಿ ಬಂದ್. ಉಳಿದದ್ದು ಮಾನಂದವಾಡಿ, ಕುಟ್ಟ, ಗೋಣಿಕೊಪ್ಪ, ಹುಣಸೂರು ಸುತ್ತಿಕೊಂಡು ಹೋಗೋ ದಾರಿ. ಬರೀ ತಿರುವು, ಜೊತೆಗೆ ಮಂಜು.

ಅಷ್ಟು ಹೊತ್ತೂ ಅಪ್ಪನನ್ನು ನೋಡಿಕೊಂಡಿದ್ದು ಎದುರು ಮನೆ ಅಂಕಲ್. 108ಕ್ಕೆ ಫೋನ್ ಮಾಡಿದ್ದು, ಆಸ್ಪತ್ರೆಗೆ ಸೇರಿಸಿದ್ದು, ಫಾರಂ ತುಂಬಿದ್ದು ಎಲ್ಲ ಅವರೇ. ಯಾವ ಮಾತ್ರೆ ತಗೋತಾರೆ ಅಂತ ಡಾಕ್ಟರು ಕೇಳಿದಾಗ ಗಾಬರಿಯಲ್ಲಿ ಅಮ್ಮನಿಗೆ ಒಂದು ಹೆಸರೂ ಬಾಯಿಗೆ ಬರಲಿಲ್ಲ. ಅಪ್ಪ ರಕ್ತ ತೆಳುವಾಗಿಸೋ ಮಾತ್ರೆ ತಗೋತಾರೆ. ಆಪರೇಷನ್‌ಗೆ ಮೊದಲು ಅದು ಗೊತ್ತಿರಲೇಬೇಕು. ಆ ಚೀಟಿಯ ಫೋಟೋ ನನ್ನ ಫೋನಲ್ಲಿತ್ತು. ಆದರೆ ನಾನು ಸಿಗ್ನಲ್ ಇಲ್ಲದ ಜಾಗದಲ್ಲಿದ್ದೆ. ಗೋಣಿಕೊಪ್ಪ ತಲುಪಿದ ಮೇಲೇ ಫೋಟೋ ಹೋಗಿದ್ದು. ನಾವು ಆಸ್ಪತ್ರೆ ಸೇರಿದಾಗ ರಾತ್ರಿ ಎರಡೂವರೆ. ಸೊಂಟದ ಮೂಳೆ ಮುರಿದಿತ್ತು.

ಆಮೇಲೆ ಮೂರು ತಿಂಗಳು ನಮ್ಮ ವ್ಯಾನ್ ಅಪ್ಪನ ಮನೆ ಮುಂದೆಯೇ ನಿಂತಿತ್ತು. ಕೆಲಸವೂ ಅಲ್ಲಿಂದಲೇ. ನೆಂಟರು ಒಬ್ಬರಾದ ಮೇಲೆ ಒಬ್ಬರು ಬಂದು, "ಇನ್ನಾದ್ರೂ ಅಲೆದಾಟ ನಿಲ್ಸಿ" ಅಂದ್ರು. ಬೇಜಾರಾಯ್ತು. ನಿಜ ಹೇಳ್ಬೇಕು ಅಂದ್ರೆ, ಬೆಂಗಳೂರಿನಲ್ಲಿದ್ದಾಗ ನಾನು ಎರಡು ವಾರಕ್ಕಿಂತ ಹೆಚ್ಚು ಅಪ್ಪನ ಜೊತೆ ಇದ್ದದ್ದೇ ಇಲ್ಲ. ಆದರೂ ಅವರ ಮಾತಿನಲ್ಲಿ ಅರ್ಧ ಸತ್ಯ ಇತ್ತು. ನಾವು ಕಿಲೋಮೀಟರ್ ಎಣಿಸಿದ್ವಿ, ದಾರಿ ತೆರೆದಿದೆಯಾ ಅಂತ ನೋಡಿರಲಿಲ್ಲ.

ಈಗ ನಿಯಮ ಬದಲಾಗಿದೆ. ಗಾಡಿ ನಿಲ್ಲಿಸೋ ಮೊದಲು ಒಂದೇ ಪ್ರಶ್ನೆ: ಮಧ್ಯರಾತ್ರಿ ಹೊರಟರೆ ಯಾವ ದಾರಿ, ಎಷ್ಟು ಹೊತ್ತು? ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿ ಬಂದ್ ಆಗೋದುಂಟು, ಹಾಗಾಗಿ ಆ ತಿಂಗಳುಗಳಲ್ಲಿ ಘಟ್ಟ ಇಳಿಯೋದೇ ಇಲ್ಲ. ಡೀಸೆಲ್ ಅರ್ಧ ಟ್ಯಾಂಕಿಗಿಂತ ಕೆಳಗೆ ಹೋಗಬಾರದು. ಅಂಕಲ್ ಹತ್ತಿರ ಮನೆಯ ಒಂದು ಬೀಗದ ಕೈ, ಸ್ವಲ್ಪ ದುಡ್ಡು. ಮಾತ್ರೆಗಳ ಪಟ್ಟಿ, ಇನ್ಶೂರೆನ್ಸ್ ಕಾರ್ಡಿನ ಜೆರಾಕ್ಸ್ ಫ್ರಿಜ್ ಬಾಗಿಲ ಮೇಲೆ. ಫೋನಿನೊಳಗಲ್ಲ, ಕಾಗದದಲ್ಲಿ. ನಿಮ್ಮ ಆಫೀಸು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಊರಲ್ಲಿ ಅಂತಿದ್ರೆ ಈ ಕಾಗದದ ಕೆಲಸ ಈ ಭಾನುವಾರವೇ ಮಾಡಿಬಿಡಿ. ಅದಕ್ಕೆ ವ್ಯಾನ್ ಬೇಕಾಗಿಲ್ಲ.

ಮಾರ್ಚ್ ಕೊನೆಗೆ ಮತ್ತೆ ಹೊರಟಾಗ ಅಪ್ಪ ವಾಕರ್ ಹಿಡಿದು ಬಾಗಿಲವರೆಗೂ ಬಂದ್ರು.

"ಈ ಸಲ ಎಲ್ಲಿಗೆ?"

"ಸಕಲೇಶಪುರ ಅಪ್ಪ."

"ಅಲ್ಲಿ ಗೇಟು ಎಷ್ಟು ಹೊತ್ತಿಗೆ ಹಾಕ್ತಾರೆ?"

"ಅಲ್ಲಿಂದ ಇಲ್ಲಿವರೆಗೂ ಎಲ್ಲೂ ಗೇಟಿಲ್ಲ. ನೋಡ್ಕೊಂಡೇ ಹೊರಟಿದ್ದೀವಿ."

"ಹಾಗಾದ್ರೆ ಹೋಗಿ ಬನ್ನಿ" ಅಂದ್ರು.