ಶೆಡ್ ಡೈರಿ: ಐದನೇ ಗೇರ್ ನಾನ್ಯಾಕೆ ಹಾಕಿಸ್ಲಿಲ್ಲ

(1/4)

ಮೊದಲನೇ ಫೋಟೋ ನೋಡಿ. ಬಲಗಡೆ ಕಾಣ್ತಿರೋದು ಗೇರ್ ಲಿವರ್. ಹೌದು, ಬಲಗಡೇನೇ. ನಮ್ಮಪ್ಪನ 1987ರ ಬುಲೆಟ್‌ನಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಮೊದಲನೇ ಗೇರ್ ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ನಿಮ್ಮ ಗಾಡಿಗೆ ಪೂರ್ತಿ ಉಲ್ಟಾ.

ಕ್ಯಾಂಟೀನಲ್ಲಿ ಸಿಕ್ಕೋರೆಲ್ಲ ಕೇಳೋದು ಒಂದೇ. "ಏನ್ ಗುರು, ಐದು ಗೇರಿಂದ್ ಹಾಕ್ಸಿದ್ಯಾ?"

ಇಲ್ಲ. ಹಾಕ್ಸಿಲ್ಲ.

ದುಡ್ಡಿಲ್ಲದೆ ಅಲ್ಲ. ಒಂದು ವರ್ಷ ಸಂಜೆ ಹಾರ್ಡ್‌ವೇರ್ ಅಂಗಡೀಲಿ ಟ್ಯಾಲಿ ಎಂಟ್ರಿ ಮಾಡಿ ಹದಿನೆಂಟು ಸಾವಿರ ಕೂಡಿಟ್ಟಿದ್ದೆ. ಮೆಕ್ಯಾನಿಕ್ ಅಣ್ಣ ಸೆಕೆಂಡ್ ಹ್ಯಾಂಡ್ ಐದು ಗೇರಿನ ಬಾಕ್ಸೂ ತಂದಿಟ್ಟಿದ್ರು. ಮನೇಲೇ ಕೂರಿಸೋದು ಅಂತ ಪಾನಾ ಸೆಟ್ಟೂ ತಗೊಂಡಾಗಿತ್ತು. ಆಮೇಲೆ ಬೇಡ ಅಂದೆ. ಯಾಕೆ ಅಂತ ಹೇಳ್ತೀನಿ. ಹಳೇ ಗಾಡಿ ಇರೋರೆಲ್ಲ ಓದಿ, ಇಲ್ಲದೋರೂ ಓದಿ.

(2/4)

ಮೊದಲು ಸಮಸ್ಯೆ ಏನು ಅಂತ ತಿಳ್ಕೊಳ್ಳಿ. 1955ರಲ್ಲಿ ಮದ್ರಾಸಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯ್ತು. ಇಂಗ್ಲೆಂಡಿಂದ ಬಂದ ಬುಲೆಟ್ ಜೊತೆಗೆ ಆಲ್ಬಿಯನ್ ಅನ್ನೋ ನಾಲ್ಕು ಗೇರಿನ ಬಾಕ್ಸೂ ಬಂತು. ನಮ್ಮ ಗಾಡೀಲಿರೋದು ಅದೇ ವಿನ್ಯಾಸ. ಅದಕ್ಕೊಂದು ಕೆಟ್ಟ ಹೆಸರು ಫಾಲ್ಸ್ ನ್ಯೂಟ್ರಲ್. ಎರಡರಿಂದ ಮೂರಕ್ಕೆ ಹಾಕ್ತೀರಿ, ಗೇರ್ ಎಲ್ಲೋ ಮಧ್ಯೆ ನಿಂತುಬಿಡುತ್ತೆ. ಎಂಜಿನ್ ಕಿರುಚುತ್ತೆ, ಗಾಡಿ ಮುಂದೆ ಹೋಗಲ್ಲ. ಹಿಂದೆ ಲಾರಿಯವನು ಹಾರನ್ ಹೊಡೀತಾನೆ.

"ಐದು ಗೇರಿಂದ್ ಹಾಕು, ಎಲ್ಲ ಸರಿಹೋಗುತ್ತೆ" ಅಂತ ಎಲ್ರೂ ಹೇಳಿದ್ರು. ನಾನೂ ನಂಬಿದ್ದೆ.

ಮನೇಲಿ ಮಾಡೋಕಾಗುತ್ತಾ? ಆಗುತ್ತೆ. ಹಳೇ ಬುಲೆಟ್‌ನಲ್ಲಿ ಎಂಜಿನ್ ಬೇರೆ, ಗೇರ್ ಬಾಕ್ಸ್ ಬೇರೆ. ಎಂಜಿನ್ ಹಿಂಭಾಗಕ್ಕೆ ಬೋಲ್ಟ್ ಹಾಕಿ ಕೂರಿಸಿರ್ತಾರೆ, ಹಾಗಾಗಿ ಎಂಜಿನ್ ಬಿಚ್ಚದೇ ಬಾಕ್ಸ್ ಬದಲಾಯಿಸಬಹುದು. ಆದ್ರೆ ರೀಲ್‌ನಲ್ಲಿ ತೋರಿಸೋ ಥರ ಮೂವತ್ತು ಸೆಕೆಂಡ್ ಕೆಲಸ ಅಲ್ಲ. ಎಡಗಡೆ ಫುಟ್‌ರೆಸ್ಟ್ ಬಿಚ್ಚಿ, ನಡುವೆ ಇರೋ ಒಂದೇ ಒಂದು ದೊಡ್ಡ ನಟ್ ತೆಗೆದ್ರೆ ಕವರ್ ಬರುತ್ತೆ. ಕೆಳಗೆ ಟ್ರೇ ಇಡದಿದ್ರೆ ಆಯಿಲೆಲ್ಲ ನೆಲಕ್ಕೆ. ಆಮೇಲೆ ಕರೆಂಟ್ ಮಾಡೋ ಆಲ್ಟರ್ನೇಟರ್ ತೆಗೀಬೇಕು. ಒಳಗಿನ ಚೈನಿಗೆ ಲಾಕ್ ಇರಲ್ಲ, ಅದಕ್ಕೆ ಕ್ಲಚ್ಚೂ ಎಂಜಿನ್ ಸ್ಪ್ರಾಕೆಟ್ಟೂ ಒಟ್ಟಿಗೇ ಎಳೀಬೇಕು. ಅದಾದ್ಮೇಲೇನೇ ಬಾಕ್ಸ್ ಕೈಗೆ ಸಿಗೋದು.

ಇಷ್ಟೆಲ್ಲ ಮಾಡಿದ್ರೆ ಸಿಗೋದೇನು? ಗೇರ್‌ಗಳ ನಡುವಿನ ಅಂತರ ಕಮ್ಮಿಯಾಗುತ್ತೆ. ಚಾರ್ಮಾಡಿ ಘಾಟಿ ಹತ್ತುವಾಗ ಎರಡನೇದು ಜಾಸ್ತಿಯಾಯ್ತು, ಮೂರನೇದು ಎಳೀತಿಲ್ಲ ಅನ್ನೋ ಒದ್ದಾಟ ಇರಲ್ಲ. ಇದು ನಿಜವಾದ ಲಾಭ, ನಾನು ಅಲ್ಲಗಳೆಯಲ್ಲ. ಆದ್ರೆ ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಹಳೇದರ ನಾಲ್ಕನೇ ಗೇರೂ 1:1, ಹೊಸದರ ಐದನೇ ಗೇರೂ 1:1. ಸ್ಪ್ರಾಕೆಟ್ ಬದಲಾಯಿಸದಿದ್ರೆ ಟಾಪ್ ಗೇರಲ್ಲಿ ಅರವತ್ತರಲ್ಲಿ ಹೋಗುವಾಗ ಎಂಜಿನ್ ಮೊದಲು ಎಷ್ಟು ತಿರುಗ್ತಿತ್ತೋ ಈಗಲೂ ಅಷ್ಟೇ ತಿರುಗುತ್ತೆ. "ಹೈವೇಲಿ ಆರಾಮಾಗಿ ಹೋಗುತ್ತೆ" ಅನ್ನೋದು ಬರೀ ಐದು ಅನ್ನೋ ನಂಬರಿನ ಮಹಿಮೆ.

(3/4)

ಈಗ ನನ್ನ ಮನಸ್ಸು ಬದಲಾಯಿಸಿದ ದಿನದ ಕತೆ.

ನಂಗೆ ಸಿಕ್ಕಿದ್ದು ಎಡಗಾಲಿನ ಬಾಕ್ಸ್. ಅದು ಹಾಕಿದ್ರೆ ಗೇರ್ ಎಡಕ್ಕೆ ಬರುತ್ತೆ, ಬ್ರೇಕ್ ಬಲಕ್ಕೆ ಹೋಗುತ್ತೆ. "ಅಪ್ಪ, ಅಭ್ಯಾಸ ಆಗುತ್ತೆ ಬಿಡಿ" ಅಂದಿದ್ದೆ. ಒಂದ್ಸಲ ಓಡಿಸಿ ನೋಡ್ಲಿ ಅಂತ ಫ್ರೆಂಡಿನ ಐದು ಗೇರಿನ ಬುಲೆಟ್ ತಂದೆ. ಅಪ್ಪ ಓಡಿಸಿದ್ರು, ನಾನು ಹಿಂದೆ ಕೂತಿದ್ದೆ. ಎರಡು ರೌಂಡ್ ಚೆನ್ನಾಗೇ ಹೋಯ್ತು. ಮೂರನೇ ರೌಂಡಲ್ಲಿ ದೇವಸ್ಥಾನದ ತಿರುವಿನಲ್ಲಿ ಒಂದು ಪುಟ್ಟ ಹುಡುಗಿ ಚೆಂಡಿನ ಹಿಂದೆ ಓಡಿ ಬಂದ್ಲು. ಅಪ್ಪ ಎಡಗಾಲು ಬಲವಾಗಿ ತುಳಿದ್ರು. ಅಲ್ಲಿ ಬ್ರೇಕ್ ಇರ್ಲಿಲ್ಲ, ಗೇರ್ ಇತ್ತು. ಮುಂದಿನ ಬ್ರೇಕ್ ಹಿಡಿದು ಹೇಗೋ ನಿಲ್ಲಿಸಿದ್ರು. ಆ ಮಗುವಿಗೂ ನಮ್ಮ ಚಕ್ರಕ್ಕೂ ಒಂದು ಮೊಳ ಇತ್ತು ಅಷ್ಟೇ.

ಮನೆಗೆ ಬಂದು ಬಹಳ ಹೊತ್ತು ಅಪ್ಪ ಮಾತಾಡ್ಲಿಲ್ಲ. ಕಾಫಿ ಕುಡಿದ್ಮೇಲೆ ಅಂದ್ರು: "ಓಡಿಹೋಗೋಕೆ ಕಾಲಿಗೆ ಬುದ್ಧಿ ಹೇಳಬಹುದು ಮಗಾ. ಬ್ರೇಕ್ ಎಲ್ಲಿದೆ ಅಂತ ಈಗ ಹೇಳಿಕೊಡೋಕಾಗಲ್ಲ."

ಮೂವತ್ತು ವರ್ಷ ಒಂದೇ ಗಾಡಿ ಓಡಿಸಿದ ಕಾಲು ಅದು. ಗಾಡಿ ನಾನು ಭಾನುವಾರ ಓಡಿಸ್ತೀನಿ, ಅಪ್ಪ ದಿನಾ ಓಡಿಸ್ತಾರೆ. ನಾನು ಪ್ಲಾನ್ ಮಾಡಿದ್ದು ಯಾರ ಅನುಕೂಲಕ್ಕೆ?

(4/4)

ಹಾಗಂತ ಫಾಲ್ಸ್ ನ್ಯೂಟ್ರಲ್ ಹಂಗೇ ಬಿಡೋಕಾಗುತ್ತಾ? ಅದೂ ಅಪಾಯವೇ. ಸರಿ, ಹಳೇ ಬಾಕ್ಸನ್ನೇ ನೋಡೋಣ ಅಂತ ಒಂದು ಭಾನುವಾರ ಕೂತೆ.

ಮೊದಲು ಕ್ಲಚ್ ಕೇಬಲ್. ಲಿವರ್ ಪೂರ್ತಿ ಹಿಡಿದ್ರೂ ಕ್ಲಚ್ ಪೂರ್ತಿ ಬಿಡ್ತಿರ್ಲಿಲ್ಲ. ಅಡ್ಜಸ್ಟ್ ಮಾಡಿದೆ, ಹತ್ತು ನಿಮಿಷ. ಆಮೇಲೆ ಬಾಕ್ಸ್ ಒಳಗೆ ನೋಡಿದ್ರೆ ಯಾರೋ ಪುಣ್ಯಾತ್ಮರು ಬರೀ ಗ್ರೀಸ್ ತುಂಬಿಸಿದ್ದಾರೆ, ಹಳೇ ಬೆಲ್ಲದ ಥರ ಗಟ್ಟಿಯಾಗಿದೆ. ಎಲ್ಲ ತೆಗೆದು ತೊಳೆದೆ. ಬಲಗಡೆ ಕವರಿನ ಒಂದು ಸ್ಕ್ರೂ ತಲೆ ತಿಂದುಹೋಗಿತ್ತು, ಅದಕ್ಕೇ ಒಂದು ಗಂಟೆ ಹೋಯ್ತು. ಕವರ್ ಒಳಗೆ ಎರಡು ಬೋಲ್ಟಿನ ಒಂದು ಪ್ಲೇಟ್ ಇದೆ. ಲಿವರ್ ಮೇಲಕ್ಕೂ ಕೆಳಕ್ಕೂ ಒಂದೇ ಸಮ ಗೇರ್ ಹಿಡಿಯೋ ಹಾಗೆ ಅಡ್ಜಸ್ಟ್ ಮಾಡೋದು ಅಲ್ಲೇ. ನಮ್ಮದು ಒಂದು ಕಡೆಗೆ ಸರಿದಿತ್ತು. ಬೋಲ್ಟ್ ಸಡಿಲ ಮಾಡಿ, ಹಿಂದಿನ ಚಕ್ರ ಕೈಯಲ್ಲಿ ತಿರುಗಿಸ್ತಾ ಒಂದೊಂದೇ ಗೇರ್ ಹಾಕಿ ನೋಡಿ ಕೂರಿಸಿದೆ. ಹೊಸ ಸ್ಪ್ರಿಂಗ್, ಗ್ಯಾಸ್ಕೆಟ್, ಆಯಿಲ್ ಎಲ್ಲ ಸೇರಿ ಖರ್ಚು 1,450 ರೂಪಾಯಿ.

ಫಾಲ್ಸ್ ನ್ಯೂಟ್ರಲ್ ಪೂರ್ತಿ ಹೋಯ್ತು ಅಂತ ಸುಳ್ಳು ಹೇಳಲ್ಲ. ದಿನಕ್ಕೆ ಹತ್ತು ಸಲ ಆಗ್ತಿದ್ದದ್ದು ಈಗ ವಾರಕ್ಕೆ ಒಂದೆರಡು ಸಲ.

ನಮ್ಮ ಕ್ಲಾಸಿನೋರಿಗೆ ನಮ್ಮ ಭಾಷೇಲೇ ಹೇಳ್ತೀನಿ. ರಿಪೇರಿ ಅನ್ನೋದು ರೆವಿನ್ಯೂ ಖರ್ಚು, ಅಪ್‌ಗ್ರೇಡ್ ಅನ್ನೋದು ಕ್ಯಾಪಿಟಲ್ ಖರ್ಚು. ಮೊದಲನೇ ಸೆಮಿಸ್ಟರಲ್ಲೇ ಓದಿದ್ವಿ, ಒಂದನ್ನ ಇನ್ನೊಂದರ ಜಾಗದಲ್ಲಿ ಬರೆದ್ರೆ ಲೆಕ್ಕ ತಪ್ಪು. ನಾನು 1,450ರ ರಿಪೇರಿಯನ್ನ ಹದಿನೆಂಟು ಸಾವಿರದ ಅಪ್‌ಗ್ರೇಡ್ ಅಂತ ಬರೆಯೋಕೆ ಹೊರಟಿದ್ದೆ.

"ಒರಿಜಿನಲ್ ಮುಟ್ಟಲೇಬಾರದು" ಅನ್ನೋರ ಕಡೆಗೂ ನಾನಿಲ್ಲ. ನಿಮ್ಮ ಬಾಕ್ಸಿನ ಗೇರ್ ಹಲ್ಲುಗಳೇ ಸವೆದುಹೋಗಿದ್ರೆ, ಗಾಡಿ ನೀವೊಬ್ರೇ ಓಡಿಸೋದಾದ್ರೆ, ಧಾರಾಳವಾಗಿ ಐದು ಗೇರಿಂದ್ ಹಾಕಿ. ಹಳೇ ಬಾಕ್ಸ್ ಮಾತ್ರ ಗುಜರಿಗೆ ಹಾಕ್ಬೇಡಿ, ಗೋಣಿಚೀಲದಲ್ಲಿ ಸುತ್ತಿ ಇಟ್ಕೊಳ್ಳಿ. ಆದ್ರೆ ಬಿಚ್ಚೋ ಮುಂಚೆ ಎರಡು ಪ್ರಶ್ನೆ ಕೇಳ್ಕೊಳ್ಳಿ. ಕೆಟ್ಟಿರೋದು ನಿಜವಾಗ್ಲೂ ಏನು? ನಾಳೆ ಬೆಳಿಗ್ಗೆ ಈ ಗಾಡಿ ಓಡಿಸೋರು ಯಾರು?

ಕೊನೇ ಫೋಟೋ ಇವತ್ತು ಬೆಳಿಗ್ಗೇದು. ಅಪ್ಪ ಹಾಲು ತರೋಕೆ ಹೊರಟಿದ್ರು. ಬಲಗಾಲು ಗೇರ್ ಮೇಲೆ, ಎಡಗಾಲು ಬ್ರೇಕ್ ಮೇಲೆ.

ಉಳಿದ ದುಡ್ಡಲ್ಲಿ ಎರಡು ಹೊಸ ಟೈರ್ ಹಾಕ್ಸೋಣ ಅಂತಿದೀನಿ. ನಿಮ್ಮನೇಲೂ ಅಪ್ಪಂದೋ ತಾತಂದೋ ಹಳೇ ಗಾಡಿ ಮೂಲೇಲಿ ನಿಂತಿದ್ರೆ ಏನು ತೊಂದ್ರೆ ಅಂತ ಬರೀರಿ, ಮುಂದಿನ ಭಾನುವಾರ ಅದರ ಬಗ್ಗೆ ನೋಡೋಣ.

#ಶೆಡ್‌ಡೈರಿ #ಹಳೇಬುಲೆಟ್ #ಬಲಗಾಲ್‌ಗೇರ್ #ಅಪ್ಪನಗಾಡಿ